ಬೇಸಿಗೆಯ ಹೊಳೆಯನ್ನೂ ಅಳೆಯಿರಿ: ಅಣೆಕಟ್ಟಿಗೆ ಜಾಗ ನೋಡುವವರಿಗೆ ಪುಣೆಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ, ಮಹಾರಾಷ್ಟ್ರ, ಗೋವಾ ರಾಜ್ಯಗಳ ಜಲಸಂಪನ್ಮೂಲ ಮತ್ತು ಇಂಧನ ಇಲಾಖೆಗಳ ಅಧಿಕಾರಿಗಳಿಗೆ, ಸರ್ವೆ ತಂಡಗಳ ಎಂಜಿನಿಯರುಗಳಿಗೆ,

ನಮಸ್ಕಾರ.

ನಾನು ಮಲೆನಾಡಿನವನು. ಡಿಪ್ಲೊಮಾ ಮುಗಿಸಿ ಪುಣೆಗೆ ಬಂದೆ. ಇಲ್ಲಿಯ ಒಂದು ಖಾಸಗಿ ಕಂಪನಿಯಲ್ಲಿ 31 ವರ್ಷ ನದಿ ಅಳೆಯುವ ಕೆಲಸ ಮಾಡಿ ನಿವೃತ್ತನಾದೆ. ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ಸೇತುವೆಯ ಮೇಲಿಂದ ಇಳಿಬಿಡುವುದು, ಅದರ ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುವುದು, ಪುಸ್ತಕದಲ್ಲಿ ಬರೆಯುವುದು. ಇಷ್ಟೇ ಕೆಲಸ. ಆದರೆ ಆ ಪುಸ್ತಕದ ಅಂಕಿಗಳ ಮೇಲೆಯೇ ಅಣೆಕಟ್ಟು ಎಲ್ಲಿ ಬರಬೇಕು ಅಂತ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ.

ಕಳೆದ ತಿಂಗಳು ನನ್ನ ತಂಗಿಯ ಮಗಳು ಕೊಥ್ರೂಡ್‌ನ ನಮ್ಮ ಮನೆಗೆ ಬಂದಿದ್ದಳು. ಸಿವಿಲ್ ಎಂಜಿನಿಯರ್. ಕೆಲಸಕ್ಕೆ ಸೇರಿ ಎರಡು ವರ್ಷ. ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದಳು. "ಮಾವ, ಒಂದೇ ಹೊಳೆ ಮೇಲೆ ಮೂರು ಜಾಗ ಇದೆ. ಮಧ್ಯಮ ಗಾತ್ರದ ಜಲವಿದ್ಯುತ್ ಯೋಜನೆಗೆ ಯಾವುದು ಒಳ್ಳೇದು ಅಂತ ಹೋಲಿಸಿ ಬರೀಬೇಕು. ನೀವೊಂದ್ಸಲ ನೋಡಿ" ಅಂದಳು.

ಒಂದು ಪಟ್ಟಿ ಇತ್ತು. ಮೂರು ಸಾಲು. ಗೋಡೆಯ ಎತ್ತರ, ನೀರು ಬೀಳುವ ಎತ್ತರ, ಎಷ್ಟು ಮೆಗಾವ್ಯಾಟ್, ಎಷ್ಟು ಕೋಟಿ, ಎಷ್ಟು ಎಕರೆ ಮುಳುಗಡೆ. ಎಲ್ಲ ನೀಟಾಗಿತ್ತು. ಹರಿವಿನ ಅಂಕಿ ಎಲ್ಲಿಂದ ಬಂತು ಅಂತ ಕೇಳಿದೆ. ಮೂರೂ ಜಾಗದಿಂದ ಕೆಳಗಡೆ ಒಂದು ಸೇತುವೆ ಇದೆಯಂತೆ. ಅಲ್ಲಿ ಅಳೆದದ್ದನ್ನು ಜಲಾನಯನದ, ಅಂದರೆ ಮಳೆನೀರು ಹರಿದು ಬಂದು ಸೇರುವ ಪ್ರದೇಶದ, ವಿಸ್ತೀರ್ಣಕ್ಕೆ ತಕ್ಕಂತೆ ಭಾಗಿಸಿ ಮೂರಕ್ಕೂ ಹಾಕಿದ್ದಾರೆ. ಎಷ್ಟು ವರ್ಷದ ಅಳತೆ? "ಒಂದು ವರ್ಷದ್ದು ಮಾವ. ಜುಲೈಯಿಂದ ಡಿಸೆಂಬರ್ ತನಕ."

ಹೊಳೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಹುಡುಗಿಯ ಕೆಲಸಕ್ಕೆ ತೊಂದರೆಯಾಗಬಾರದು. ಆದರೆ ಇದು ಒಂದು ಹೊಳೆಯ ಕಥೆಯಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಘಟ್ಟದಲ್ಲಿ ವಿಸ್ತೀರ್ಣಕ್ಕೆ ತಕ್ಕಂತೆ ಭಾಗಿಸಿದರೆ ಲೆಕ್ಕ ತಪ್ಪುತ್ತದೆ. ಇಲ್ಲೇ ನಮ್ಮ ಹತ್ತಿರದ ಮಹಾಬಳೇಶ್ವರ ನೋಡಿ. ವರ್ಷಕ್ಕೆ 5,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ 20 ಕಿಲೋಮೀಟರ್ ಪೂರ್ವಕ್ಕೆ ಪಂಚಗಣಿಗೆ ಬಂದರೆ ಅದರ ಅರ್ಧವೂ ಇಲ್ಲ. ಗುಡ್ಡದ ನೆತ್ತಿಯ ಒಂದು ಚದರ ಕಿಲೋಮೀಟರೂ ಅದರ ಹಿಂದಿನ ಒಂದು ಚದರ ಕಿಲೋಮೀಟರೂ ಒಂದೇ ಅಲ್ಲ. ಮೇಲಿನ ಜಾಗ, ನಡುವಿನ ಜಾಗ, ಕೆಳಗಿನ ಜಾಗ ಮೂರಕ್ಕೂ ಬೇರೆ ಬೇರೆ ಅಳತೆ ಬೇಕು.

ಇನ್ನು ಬೇಸಿಗೆ. ಡಿಸೆಂಬರಿಗೆ ಪುಸ್ತಕ ಮುಚ್ಚಿದರೆ ಹೊಳೆಯ ಅರ್ಧ ಮುಖವನ್ನೂ ನೋಡಿದಂತಾಗಲಿಲ್ಲ.

ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಆ ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರ್ಚ್ ತಿಂಗಳು, ಘಟ್ಟದ ಮೇಲಿನ ಒಂದು ಹೊಳೆ, ಎರಡೂ ದಡದಲ್ಲಿ ಅಡಿಕೆ ತೋಟ. ನೀರಿನ ಮಟ್ಟ ನೋಡಲು ದಡದಲ್ಲಿ ಗೆರೆ ಹಾಕಿದ ಪಟ್ಟಿ ನೆಟ್ಟಿರುತ್ತೇವೆ. ಸ್ಟಾಫ್ ಗೇಜ್ ಅನ್ನುತ್ತಾರೆ. ಬೆಳಿಗ್ಗೆ 8 ಗಂಟೆಗೆ ಅದನ್ನು ಓದಿ ಬರೆದೆ. ಯಾವತ್ತೂ ಅಷ್ಟಕ್ಕೇ ಹೊರಟುಬಿಡುತ್ತಿದ್ದೆವು. ಅವತ್ತು ಜೀಪು ಕೆಟ್ಟಿತ್ತು, ಅಲ್ಲೇ ಉಳಿದೆ. 11 ಗಂಟೆಗೆ ಸುಮ್ನೆ ಕಣ್ಣು ಹಾಯಿಸಿದರೆ ನೀರು ನಾಲ್ಕು ಬೆರಳು ಇಳಿದಿದೆ! ಪಟ್ಟಿಯ ಮೇಲೆ ಒದ್ದೆಯ ಗುರುತು ಇನ್ನೂ ಆರಿರಲಿಲ್ಲ. ಮೇಲೆ ಎಲ್ಲೂ ಅಣೆಕಟ್ಟಿಲ್ಲ, ಗೇಟಿಲ್ಲ. ನೀರು ಹೋದದ್ದೆಲ್ಲಿಗೆ? ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಒಬ್ಬರು ಅಮ್ಮ ನನ್ನ ಮುಖ ನೋಡಿಯೇ ಹೇಳಿದರು. "ತ್ರೀ ಫೇಸ್ ಬಂತಲ್ಲ ತಮ್ಮಾ. ಎಲ್ಲರ ಪಂಪೂ ಶುರುವಾಗಿದೆ. ಸಂಜೆ ಮತ್ತೆ ಏರ್ತದೆ."

ಕಿವಿಗೊಟ್ಟು ಕೇಳಿದರೆ ಹೌದು. ಮೇಲಿನ ತಿರುವಿನಿಂದ ಪಂಪ್‌ಸೆಟ್ಟಿನ ಸದ್ದು ಬರುತ್ತಿತ್ತು. ಎರಡು ಬೇಸಿಗೆ ನಾನು 8 ಗಂಟೆಯ ಅಂಕಿಯನ್ನೇ ಬೇಸಿಗೆಯ ಹರಿವು ಎಂದು ಬರೆದು ಸಹಿ ಮಾಡಿದ್ದೆ. ನನ್ನ ಪುಸ್ತಕದಲ್ಲಿ ಅದು ಯಾರದೂ ಅಲ್ಲದ ನೀರು. ಆದರೆ ಅಲ್ಲಿ ಪ್ರತಿ ಹನಿಗೂ ಒಬ್ಬ ಯಜಮಾನ ಇದ್ದ. ಆ ಎರಡು ವರ್ಷದ ಪುಟಗಳನ್ನು ತಿದ್ದಿ ಕಳಿಸಿದೆ. ಅಷ್ಟರಲ್ಲಿ ವರದಿ ಮುಂದಕ್ಕೆ ಹೋಗಿಯಾಗಿತ್ತು.

ಈ ನಾಲ್ಕು ಬೆರಳು ನೀರು ಯಾಕೆ ದೊಡ್ಡ ವಿಷಯ ಅಂತ ಸಾಮಾನ್ಯ ಓದುಗರಿಗೂ ಗೊತ್ತಾಗಬೇಕು. ಅದಕ್ಕೆ ಲೆಕ್ಕವನ್ನು ಬಿಡಿಸಿ ಬರೆಯುತ್ತೇನೆ.

ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಎರಡನ್ನೂ ಗುಣಿಸಿ. ಅದನ್ನು 9.81ರಿಂದ ಗುಣಿಸಿ. ಟರ್ಬೈನು, ಜನರೇಟರು, ಪೈಪುಗಳಲ್ಲಿ ಕಳೆದುಹೋಗುವುದನ್ನು ಬಿಟ್ಟು ನೂರಕ್ಕೆ 85 ಪಾಲು ಕೈಗೆ ಸಿಗುತ್ತದೆ ಎಂದುಕೊಳ್ಳಿ. ಬರುವ ಉತ್ತರ ಕಿಲೋವ್ಯಾಟ್. ಘಟ್ಟದಲ್ಲಿ 300 ಮೀಟರ್ ಎತ್ತರ ಸುಲಭವಾಗಿ ಸಿಗುತ್ತದೆ. 20 ಘನ ಮೀಟರ್ ಹರಿದರೆ 50 ಮೆಗಾವ್ಯಾಟ್. ಯೋಜನೆಯ ಬೋರ್ಡಿನ ಮೇಲೆ ಬರೆಯುವುದು ಈ 50. ಅದೇ ಹೊಳೆಯಲ್ಲಿ ಏಪ್ರಿಲಿನಲ್ಲಿ 2 ಘನ ಮೀಟರ್ ಇದ್ದರೆ ಸಿಗುವುದು 5 ಮೆಗಾವ್ಯಾಟ್. ಪಂಪುಗಳು ಎಳೆದ ಮೇಲೆ 1 ಉಳಿದರೆ ಎರಡೂವರೆ.

ಹಾಗಾದರೆ ಮಳೆನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟರಾಯಿತಲ್ಲ ಅನ್ನಬಹುದು. ಸರಿ. ಬೇಸಿಗೆಯ 150 ದಿನ ಹಗಲೂ ರಾತ್ರಿ 50 ಮೆಗಾವ್ಯಾಟ್ ಬೇಕು ಅಂದರೆ, ಹೊಳೆಯಲ್ಲಿ ಹರಿದು ಬರುವ ಆ 2 ಘನ ಮೀಟರ್ ಕಳೆದರೂ 8 ಟಿಎಂಸಿಗೂ ಜಾಸ್ತಿ ಕೂಡಿಡಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ನಮ್ಮ ಪುಣೆಗೆ ನೀರು ಕೊಡುವ ಪಾನ್‌ಶೆತ್ ಅಣೆಕಟ್ಟಿನ ಬಳಕೆಯ ಸಂಗ್ರಹ 10.65 ಟಿಎಂಸಿ. ಒಂದು ಮಧ್ಯಮ ಗಾತ್ರದ ಯೋಜನೆಗೆ ಹತ್ತಿರಹತ್ತಿರ ಒಂದು ಪಾನ್‌ಶೆತ್! ಅಷ್ಟು ಅಗಲದ ಕಣಿವೆ ಮುಳುಗಬೇಕು.

ಇನ್ನೊಂದು ದಾರಿ ನೋಡಿ. ಹಗಲಿನಲ್ಲಿ ಈಗ ಸೋಲಾರ್ ಕರೆಂಟ್ ಇದೆ. ಎಳೆದಾಟ ಇರುವುದು ಸೂರ್ಯ ಮುಳುಗಿದ ಮೇಲೆ, ಎಲ್ಲರ ಮನೆಯಲ್ಲೂ ಒಮ್ಮೆಗೇ ದೀಪ, ಫ್ಯಾನು ಶುರುವಾದಾಗ. ಅಷ್ಟಕ್ಕೆ ಮಾತ್ರ ಬೇಕಿದ್ದರೆ ಆ 2 ಘನ ಮೀಟರನ್ನೇ ಒಂದು ದಿನ ನಿಲ್ಲಿಸಿಟ್ಟು ಸಂಜೆ ಬಿಟ್ಟರೆ 2 ಗಂಟೆ 24 ನಿಮಿಷ ಪೂರ್ತಿ 50 ಮೆಗಾವ್ಯಾಟ್ ಓಡಿಸಬಹುದು. ಇದಕ್ಕೆ ಬೇಕಾದ ಕೊಳ ಒಂದು ಟಿಎಂಸಿಯ ನೂರನೇ ಒಂದು ಪಾಲಿಗಿಂತ ಕಡಿಮೆ. ಒಂದೇ ಹೊಳೆ, ಒಂದೇ ಟರ್ಬೈನು. ಒಂದು ಕಡೆ ಕಣಿವೆ ಪೂರ್ತಿ ಹೋಗುತ್ತದೆ, ಇನ್ನೊಂದು ಕಡೆ ಸಣ್ಣ ಕೊಳ ಸಾಕು. ಈ ಕರೆಂಟ್ ಯಾವ ಹೊತ್ತಿಗೆ ಬೇಕು ಅನ್ನುವುದು ತೀರ್ಮಾನ ಆಗದೆ ಜಾಗ ಹೋಲಿಸುವುದು ಹೇಗೆ? ಹುಡುಗಿಯ ಪಟ್ಟಿಯಲ್ಲಿ ಈ ಪ್ರಶ್ನೆಗೆ ಕಾಲಮ್ಮೇ ಇರಲಿಲ್ಲ.

ಸಣ್ಣ ಕೊಳಕ್ಕೂ ಅದರದೇ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ದಿನವಿಡೀ ಒಣಗಿದ ಹೊಳೆಯಲ್ಲಿ ಸಂಜೆ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಹಾಗೆ ಬಿಟ್ಟ ನೀರಿಗೆ ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆಗಳ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದ ಮಕ್ಕಳು. ಪವರ್‌ಹೌಸಿನ ಕೆಳಗೆ ಯಾರು ಬಟ್ಟೆ ಒಗೆಯುತ್ತಾರೆ, ಎಲ್ಲಿ ದನ ದಾಟುತ್ತವೆ, ಎಲ್ಲಿ ಮಕ್ಕಳು ಈಜುತ್ತಾರೆ ಅನ್ನುವುದು ಜಾಗ ನೋಡುವಾಗಲೇ ನಕ್ಷೆಯಲ್ಲಿ ಇರಬೇಕು. ನೀರನ್ನು ಪೈಪಿನಲ್ಲಿ ದೂರಕ್ಕೆ ಒಯ್ದು ಬೀಳಿಸುವುದಾದರೆ ನಡುವೆ ಹೊಳೆಯೇ ಇಲ್ಲದ ಎಷ್ಟು ಕಿಲೋಮೀಟರ್ ಉಳಿಯುತ್ತದೆ, ಅಲ್ಲಿ ಯಾರ ಬಾವಿ ಇದೆ ಅನ್ನುವುದೂ ಬೇಕು.

ಎಷ್ಟು ವರ್ಷ ಅಳೆಯಬೇಕು? ನಮ್ಮ ದೇಶದಲ್ಲಿ ಜಲವಿದ್ಯುತ್ತಿಗೆ 90 ಪರ್ಸೆಂಟ್ ನಂಬಬಹುದಾದ ವರ್ಷವನ್ನು ಆಧಾರವಾಗಿ ಹಿಡಿಯುತ್ತಾರೆ. ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರಲ್ಲ, ಹಾಗೆ ವರ್ಷಗಳನ್ನು ಜಾಸ್ತಿ ನೀರಿನಿಂದ ಕಡಿಮೆ ನೀರಿಗೆ ನಿಲ್ಲಿಸುವುದು. ಹತ್ತರಲ್ಲಿ ಒಂಬತ್ತು ವರ್ಷ ಇಷ್ಟಾದರೂ ಬಂದೇ ಬರುತ್ತದೆ ಅನ್ನುವ ವರ್ಷವನ್ನು ಆರಿಸುವುದು. ಒಳ್ಳೆಯ ಪದ್ಧತಿ. ಆದರೆ ಸಾಲು ನಿಲ್ಲಿಸಲು ಮಕ್ಕಳು ಬೇಕು. ಒಂದೇ ವರ್ಷದ ಆರು ತಿಂಗಳಿನಿಂದ ಆ ಸಾಲು ಆಗುವುದಿಲ್ಲ. ಹಳೆಯ ಮಳೆಯ ದಾಖಲೆ, ಪಕ್ಕದ ಹೊಳೆಯ ದಾಖಲೆ ಇಟ್ಟುಕೊಂಡು ಹಿಂದಿನ ವರ್ಷಗಳನ್ನು ಅಂದಾಜು ಮಾಡಬಹುದು. ಆ ಅಂದಾಜನ್ನು ಒರೆಗೆ ಹಚ್ಚಲು ಅದೇ ಜಾಗದಲ್ಲಿ ಕನಿಷ್ಠ ಮೂರು ಬೇಸಿಗೆಯ ಅಳತೆಯಾದರೂ ಬೇಡವಾ?

ನೆಲದ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ, ಅದು ಭೂವಿಜ್ಞಾನಿಗಳ ಕೆಲಸ. ಆದರೆ ಕೋರ್ ಪೆಟ್ಟಿಗೆಗಳನ್ನು ನೋಡಿದ್ದೇನೆ. ನೆಲ ಕೊರೆದು ತೆಗೆದ ಕಲ್ಲಿನ ಕೊಳವೆಗಳನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಸಹ್ಯಾದ್ರಿಯ ಈ ಭಾಗದಲ್ಲಿ ಕಪ್ಪು ಬಸಾಲ್ಟ್. ಕಬ್ಬಿಣದ ಹಾಗೆ ಗಟ್ಟಿ. ನಡುವೆ ಒಂದು ಕಡೆ ಗೇಣುದ್ದ ಕೆಂಪು ಪದರ ಬರುತ್ತದೆ. ಬೆರಳಲ್ಲಿ ಒತ್ತಿದರೆ ಇಟ್ಟಿಗೆಪುಡಿಯ ಹಾಗೆ ಉದುರುತ್ತದೆ. ಒಂದು ಲಾವಾ ಹರಿವಿಗೂ ಅದರ ಮೇಲಿನ ಹರಿವಿಗೂ ನಡುವಿನ ಪದರ ಅದು, ರೆಡ್ ಬೋಲ್ ಅನ್ನುತ್ತಾರೆ. ಅಡಿಪಾಯ ಜಾರುವುದಕ್ಕೂ ನೀರು ಸೋರುವುದಕ್ಕೂ ಅದೇ ದಾರಿ. ಎರಡು ರಂಧ್ರ ಕೊರೆದು ಗಟ್ಟಿ ಕಲ್ಲು ಸಿಕ್ಕಿತು ಎಂದು ಬರೆದರೆ ಮೂರನೆಯದರಲ್ಲಿ ಈ ಕೆಂಪು ಇರಬಹುದು. ಕೊಯ್ನಾ ಪ್ರದೇಶವನ್ನೂ ಅಲುಗದ ನೆಲ ಎಂದೇ ನಂಬಿದ್ದರು. ಜಲಾಶಯದಲ್ಲಿ ನೀರು ನಿಲ್ಲಿಸಿ ಕೆಲವೇ ವರ್ಷಕ್ಕೆ, 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಕಂಪವಾಗಿ ಸುಮಾರು 180 ಜನ ಸತ್ತರು. 103 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆಯಲ್ಲಿ ಬಿರುಕು ಬಂತು. ಗೋಡೆ ನಿಂತಿತು, ಆಮೇಲೆ ಬಲಪಡಿಸಿದರು.

ನಿಲ್ಲದ ಗೋಡೆಯ ಗುರುತು ಪುಣೆಯಲ್ಲೇ ಇದೆ. ಹೊಸದಾಗಿ ಬಂದಾಗ ನದಿಯ ಹತ್ತಿರದ ಪೇಠೆಯಲ್ಲಿ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಆಜಿ ಮೊದಲ ದಿನವೇ ಮೆಟ್ಟಿಲ ಪಕ್ಕದ ಗೋಡೆ ತೋರಿಸಿದರು. ನನ್ನ ತಲೆಗಿಂತ ಎರಡು ಮೊಳ ಮೇಲೆ ಮಣ್ಣಿನ ಬಣ್ಣದ ಒಂದು ಗೆರೆ. ಸುಣ್ಣ ಬಳಿಯುವಾಗೆಲ್ಲ ಆ ಗೆರೆಯನ್ನು ಬಿಟ್ಟು ಬಳಿಸುತ್ತಿದ್ದರು. 1961ರ ಜುಲೈ 12. ಪೂರ್ತಿ ಮುಗಿಯದ ಪಾನ್‌ಶೆತ್ ಅಣೆಕಟ್ಟಿನಲ್ಲಿ ಆ ಮಳೆಗಾಲಕ್ಕೇ ನೀರು ತುಂಬಿತ್ತು. ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಒಟ್ಟಿದರು. ಬೆಳಿಗ್ಗೆ ಅದು ಒಡೆಯಿತು. ಆ ನೀರಿಗೆ ಕೆಳಗಿನ ಖಡಕ್‌ವಾಸ್ಲಾ ಕೂಡ ಒಡೆಯಿತು. ಸತ್ತವರು ಸಾವಿರದಷ್ಟು ಎಂದು ಅಂದಾಜು. "ಎಲ್ಲರೂ ಅಣೆಕಟ್ಟು ನೋಡೋಕೆ ಪಿಕ್ನಿಕ್ ಹೋಗ್ತಾರೆ. ನೀನು ನದಿಯ ಕೆಲಸದವನು, ಮೊದಲು ಇದನ್ನು ನೋಡು" ಅಂದರು ಆಜಿ, ಮರಾಠಿಯಲ್ಲಿ. ಜಾಗ ಆರಿಸುವಾಗ ಕೆಳಗಡೆ ಯಾವ ಊರುಗಳಿವೆ, ಗೋಡೆ ಹೋದರೆ ಎಷ್ಟು ಹೊತ್ತಿನಲ್ಲಿ ನೀರು ತಲುಪುತ್ತದೆ ಅನ್ನುವ ಲೆಕ್ಕವೂ ಅದೇ ಪಟ್ಟಿಯಲ್ಲಿ ಇರಬೇಕು. ಯೋಜನೆಯ ಪೂರ್ತಿ ವಿವರದ ವರದಿ (ಡಿಪಿಆರ್) ಆದಮೇಲೆ ಹಿಂದೆ ಅಂಟಿಸುವ ಪುಟ ಅದಲ್ಲ.

ಹೂಳಿನ ಮಾತು ಒಂದೇ ಸಾಲಿನಲ್ಲಿ ಹೇಳುತ್ತೇನೆ. ತುಂಗಭದ್ರಾ ಜಲಾಶಯ 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು.

ಈಗ ಮುಳುಗಡೆಯ ವಿಷಯ. ಇಲ್ಲಿ ನನ್ನ ಮನಸ್ಸು ಭಾರವಾಗುತ್ತದೆ, ಯಾಕೆಂದರೆ ಇದು ಮನೆಯ ಕಥೆ. ನಮ್ಮ ತಾಯಿಯ ತವರು ಮಲೆನಾಡಿನ ಒಂದು ಹಿನ್ನೀರಿನ ಆಚೆ ದಡದಲ್ಲಿದೆ. ಊರು ಮುಳುಗಲಿಲ್ಲ. ಊರಿಗೆ ಹೋಗುವ ದಾರಿ ಮುಳುಗಿತು. ಮೂರು ಮೈಲಿ ನಡೆದರೆ ಸಿಗುತ್ತಿದ್ದ ಸಂತೆ, ಶಾಲೆ, ಡಾಕ್ಟರು ಎಲ್ಲವೂ ನೀರಿನ ಆಚೆಗಾಯಿತು. ಬಳಸಿಕೊಂಡು ಹೋಗಲು ಅರ್ಧ ದಿನ. ಅಜ್ಜಿಗೆ ಹುಷಾರಿಲ್ಲ ಅನ್ನುವ ಸುದ್ದಿ ಬಂದು ಅಮ್ಮ ಹೊರಟರೆ, ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾವ ಪಟ್ಟಿಯಲ್ಲೂ ಆ ಊರಿನ ಹೆಸರಿಲ್ಲ. ಒಂದು ಗುಂಟೆಯೂ ಮುಳುಗಿಲ್ಲವಲ್ಲ!

ಅಮ್ಮ ಕೊನೆಯ ವರ್ಷಗಳಲ್ಲಿ ನಮ್ಮ ಜೊತೆ ಪುಣೆಯಲ್ಲೇ ಇದ್ದರು. ಫೀಲ್ಡಿನಿಂದ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಆ ಕಡೆಯವರಿಗೆ ದೋಣಿ ಇಟ್ಟಿದಾರಾ?"

ಶರಾವತಿ ಹಿನ್ನೀರಿನ ತುಮರಿ ಕಡೆಯ ಜನರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಲಿಂಗನಮಕ್ಕಿ 1964ರಲ್ಲಿ ಮುಗಿಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಆದದ್ದು 2025ರ ಜುಲೈನಲ್ಲಿ. ಅಲ್ಲಿ ತನಕ ಲಾಂಚೇ ಗತಿ. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡಬೇಕಿತ್ತು ಯೋಚನೆ ಮಾಡಿ. ನಾಡಿಗೆಲ್ಲ ಬೆಳಕು ಕೊಟ್ಟ ಹೊಳೆಯ ದಡದವರು ಒಂದು ಸೇತುವೆಗೆ 60 ವರ್ಷ ಕಾದರು. ಎಷ್ಟು ಎಕರೆ ಮುಳುಗುತ್ತದೆ ಅನ್ನುವ ಕಾಲಮ್ಮಿನ ಪಕ್ಕದಲ್ಲಿ ಎಷ್ಟು ಊರು ಕಡಿದುಹೋಗುತ್ತವೆ ಅನ್ನುವ ಇನ್ನೊಂದು ಕಾಲಮ್ಮು ಇದ್ದಿದ್ದರೆ, ಸೇತುವೆಯ ಖರ್ಚು ಅಣೆಕಟ್ಟಿನ ಖರ್ಚಿನಲ್ಲೇ ಸೇರುತ್ತಿತ್ತು. ಅಲ್ವಾ?

ಜನರನ್ನು ಯಾವಾಗ ಕೇಳಬೇಕು ಅನ್ನುವುದಕ್ಕೂ ಪುಣೆಯ ಪಕ್ಕದಲ್ಲೇ ಉದಾಹರಣೆ ಇದೆ. 1921ರ ಏಪ್ರಿಲಿನಲ್ಲಿ ಮುಳಶಿಯ ರೈತರು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದರು. ಜಮೀನು ವಶಕ್ಕೆ ತೆಗೆದುಕೊಳ್ಳುವ ಮೊದಲೇ ಅಣೆಕಟ್ಟು ಕಟ್ಟುವವರು ಪರೀಕ್ಷೆಗೆಂದು ರೈತರ ಗದ್ದೆಯಲ್ಲಿ ಕಾಲುವೆ ತೋಡಿದ್ದರು. ಜಗಳ ಶುರುವಾದದ್ದು ಅಲ್ಲಿಂದ. ಗೋಡೆ ಏಳುವ ಮಾತು ಇನ್ನೂ ದೂರವಿತ್ತು. ಈಗಿನ ಕಾನೂನಿನಲ್ಲಿ ಸಾರ್ವಜನಿಕ ಅಹವಾಲು ಇದೆ, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆ, ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಇದೆ. ಎಲ್ಲವೂ ಒಳ್ಳೆಯದೇ. ಆದರೆ ಅವೆಲ್ಲ ಬರುವ ಹೊತ್ತಿಗೆ ಜಾಗ ಗೊತ್ತಾಗಿರುತ್ತದೆ. ಮೂರರಲ್ಲಿ ಒಂದು ಆರಿಸುವ ಹೊತ್ತಿನಲ್ಲಿ ಊರಿನವರು ಕೋಣೆಯಲ್ಲಿ ಇರುವುದಿಲ್ಲ. ಪಂಪು ಎಷ್ಟು ಹೊತ್ತು ಓಡುತ್ತದೆ ಎಂದು ಬಲ್ಲ ಆ ಅಮ್ಮ ಬೇಕಾಗಿರುವುದು ಆ ಹೊತ್ತಿನಲ್ಲಿ.

ಗೋವಾದಲ್ಲಿ ನನ್ನ ಗೆಳೆಯರಿದ್ದಾರೆ, ವಾಸ್ಕೊದಲ್ಲಿ, ಮಡಗಾಂವಿನಲ್ಲಿ. ಮಹದಾಯಿ ವಿಷಯ ಬಂದರೆ ಅಕ್ಕಪಕ್ಕದವರ ಜೊತೆ ಮಾತು ಬಿಗಿಯಾಗುತ್ತದೆ ಅನ್ನುತ್ತಾರೆ. 2018ರ ತೀರ್ಪಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಟರ್ಬೈನಿನಿಂದ ಹೊರಬಂದು ಮತ್ತೆ ಹೊಳೆಗೇ ಸೇರುವ ನೀರು ಅದು. ಕುಡಿಯಲು ತಿರುಗಿಸುವ ನೀರೇ ಬೇರೆ. ಈ ಒಂದು ವ್ಯತ್ಯಾಸವನ್ನು ಎರಡೂ ಕಡೆಯ ಸಾಮಾನ್ಯ ಜನರಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿದವರು ಕಡಿಮೆ. ಹಾಗೆಯೇ ಮಾಂಡೋವಿಯ (ಗೋವಾದಲ್ಲಿ ಮಹದಾಯಿಗೆ ಇದೇ ಹೆಸರು) ಬಾಯಲ್ಲಿ ಸಿಹಿನೀರು ಕಮ್ಮಿಯಾದರೆ ಉಪ್ಪುನೀರು ಖಾಜನ್ ಗದ್ದೆಗಳ, ಅಂದರೆ ಒಡ್ಡು ಕಟ್ಟಿ ಉಳಿಸಿಕೊಂಡ ತಗ್ಗು ಗದ್ದೆಗಳ, ಕಡೆ ಮೇಲೇರುತ್ತದೆ ಅನ್ನುವ ಗೋವಾದವರ ಭಯವೂ ಸುಳ್ಳಲ್ಲ. ಅದನ್ನು ಅಳೆದು ಅವರ ಮುಂದೆ ಇಡಬೇಕು.

ನನ್ನ ಬೇಡಿಕೆ ಒಂದೇ. ಜಾಗ ಆರಿಸುವ ಮೊದಲು, ಪರಿಶೀಲನೆಯಲ್ಲಿರುವ ಎಲ್ಲ ಜಾಗಗಳ ಅಳತೆ ಪುಸ್ತಕವನ್ನು ಜನರ ಮುಂದೆ ತೆರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸೇತುವೆಯ ಹತ್ತಿರ ಅಳೆದಿರಿ ಅನ್ನುವುದು ಅದರಲ್ಲಿರಲಿ. ಎಷ್ಟು ರಂಧ್ರ ಕೊರೆದಿರಿ, ಕೆಂಪು ಎಲ್ಲಿ ಸಿಕ್ಕಿತು ಅನ್ನುವುದೂ ಇರಲಿ. ಕೈಬಿಟ್ಟ ಜಾಗವನ್ನು ಯಾಕೆ ಬಿಟ್ಟಿರಿ ಎಂದೂ ಬರೆಯಿರಿ. ಕನ್ನಡದಲ್ಲಿ, ಮರಾಠಿಯಲ್ಲಿ, ಕೊಂಕಣಿಯಲ್ಲಿ, ಆ ಹೊಳೆಯ ಎರಡೂ ದಡದ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ ಹಚ್ಚಿ. ಪಟ್ಟಿಯಲ್ಲಿ ನಾಲ್ಕನೆಯ ಸಾಲೂ ಇರಲಿ. ಈ ಮೂರರಲ್ಲಿ ಯಾವುದನ್ನೂ ಕಟ್ಟದಿದ್ದರೆ ಅದೇ ಕರೆಂಟ್ ಎಲ್ಲಿಂದ, ಎಷ್ಟು ಖರ್ಚಿಗೆ ಸಿಗುತ್ತದೆ ಅನ್ನುವ ಸಾಲು. ನಾನು ಅಣೆಕಟ್ಟಿನ ವಿರೋಧಿ ಅಲ್ಲ. 31 ವರ್ಷ ಅದೇ ಅನ್ನ ತಿಂದವನು. ಒಳ್ಳೆಯ ಜಾಗದಲ್ಲಿ, ಸರಿಯಾದ ಅಳತೆಯ ಮೇಲೆ ಕಟ್ಟಿದ ಯೋಜನೆ ನೂರು ವರ್ಷ ಓಡುತ್ತದೆ. 1915ರಲ್ಲಿ ಶುರುವಾದ ಖೋಪೋಲಿಯ ಜಲವಿದ್ಯುತ್ ಕೇಂದ್ರ ನಮ್ಮ ಘಟ್ಟದ ಬುಡದಲ್ಲೇ ಇದೆ.

ತಂಗಿಯ ಮಗಳು ಆ ರಾತ್ರಿ ನನ್ನ ಹಳೆಯ ಪುಸ್ತಕಗಳನ್ನು ತೆಗೆಸಿ ನೋಡಿದಳು. ಮಾರ್ಚ್ ತಿಂಗಳ ಆ ಪುಟದಲ್ಲಿ ಎರಡು ಅಂಕಿ ಇವೆ, ಬೆಳಿಗ್ಗೆ 8ರದ್ದು, ಕೆಳಗೆ ಪೆನ್ಸಿಲಿನಲ್ಲಿ 11ರದ್ದು. ಫೋಟೊ ತೆಗೆದುಕೊಂಡಳು. ತನ್ನ ಪಟ್ಟಿಗೆ ನಾಲ್ಕನೆಯ ಸಾಲು ಸೇರಿಸಿ, ಪಕ್ಕದಲ್ಲಿ "ಏಪ್ರಿಲ್ ಹರಿವು", "ಕಡಿದುಹೋಗುವ ಊರುಗಳು" ಎಂದು ಎರಡು ಖಾಲಿ ಕಾಲಮ್ಮು ಹಾಕಿದಳು. ಅವನ್ನು ತುಂಬಲು ಬರುವ ಬೇಸಿಗೆಯಲ್ಲಿ ಹೊಳೆಯ ದಡದಲ್ಲೇ ಉಳಿಯಲು ಅನುಮತಿ ಕೇಳುತ್ತಾಳಂತೆ. ನಿಮ್ಮಲ್ಲಿ ಯಾರದೋ ಮೇಜಿನ ಮೇಲೆ ಆ ಅರ್ಜಿ ಬರುತ್ತದೆ. ದಯವಿಟ್ಟು ಅವಳಿಗೆ ಮೂರು ಬೇಸಿಗೆ ಕೊಡಿ.

ಇಂತಿ ನಿಮ್ಮವನು,
ನದಿ ಅಳೆಯುತ್ತಿದ್ದ ಒಬ್ಬ ನಿವೃತ್ತ ನೌಕರ
ಕೊಥ್ರೂಡ್, ಪುಣೆ